ಸಪ್ಪೆಗೊಂದು ಹಲಗೆ

ಫೆಬ್ರವರಿ ೩

ಅಮ್ಮಾ,

ಬಂದು ಸೇರಿದೆ. ಗೇಟಿನಲ್ಲೇ ಫೋನು ಇಸಿದುಕೊಂಡು ಚೀಲಕ್ಕೆ ಹಾಕಿ ಬೀಗ ಜಡಿದರು. ಇಲ್ಲಿ ಓಡುವ ಕಾರುಗಳು ಇನ್ನೂ ಮಾರಾಟಕ್ಕೆ ಬಂದಿಲ್ಲ. ಯಾರಾದರೂ ಒಂದು ಫೋಟೊ ತೆಗೆದು ಹೊರಗೆ ಬಿಟ್ಟರೆ ಕಂಪನಿಯ ಗುಟ್ಟು ಬೀದಿಗೆ ಬಿದ್ದ ಹಾಗೆ. ಆಫೀಸಿನ ಫೋನು ಸಾವು-ನೋವಿಗೆ ಮಾತ್ರವಂತೆ. ಹಾಗಾಗಿ ಈ ವರ್ಷ ಪೂರ್ತಿ ನನಗೂ ನಿನಗೂ ಕಾಗದವೇ ಗತಿ. ವಾರಕ್ಕೊಮ್ಮೆ ತರಕಾರಿ ತರುವ ವ್ಯಾನಿನವನೇ ನಮ್ಮ ಅಂಚೆಯವನು.

ಸುತ್ತ ಬರೀ ಬಯಲು. ನಡುವೆ ಬಗೆಬಗೆಯ ರಸ್ತೆ ಮಾಡಿಟ್ಟಿದ್ದಾರೆ. ಒಂದು ಕಡೆ ನುಣ್ಣನೆಯ ಡಾಂಬರು, ಇನ್ನೊಂದು ಕಡೆ ಕಲ್ಲುಹಾಸು, ಮತ್ತೊಂದು ಕಡೆ ಬೇಕೆಂದೇ ತೋಡಿದ ಗುಂಡಿಗಳು. ಗುಂಡಿ ಮುಚ್ಚಿಹೋಗದ ಹಾಗೆ ನೋಡಿಕೊಳ್ಳಲು ಇಲ್ಲಿ ಸಂಬಳದ ಜನ ಇದ್ದಾರೆ ಅಂತ ಅಪ್ಪನಿಗೆ ಹೇಳು, ನಗಲಿ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ದಿನವಿಡೀ ಹೊಸ ಕಾರು ಓಡಿಸುವುದು, ಇಳಿದು ಅದು ಹೇಗಿತ್ತು ಅಂತ ಹೇಳುವುದು. ಈ ಸಲದ ಕಾರು ಹೇಗಿದೆ ಅಂದರೆ, ಹೇಗೂ ಇಲ್ಲ. ನಮ್ಮ ಮನೆಯಲ್ಲಿ ನಿಂತಿದೆಯಲ್ಲ, ಅಪ್ಪ ಸಪ್ಪೆ ಅಂತ ಹೆಸರಿಟ್ಟ ಕಾರು, ಇದು ಅದರ ತಂಗಿ. ತಿರುಗಿಸಿದರೆ ತಿರುಗುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಕೈಗೆ ಏನೂ ಹೇಳುವುದಿಲ್ಲ. ನಮ್ಮ ದೊಡ್ಡ ಇಂಜಿನಿಯರ್ ಸಾಹೇಬರು ಕೇಳಿದರು, "ಏನು ಕೆಟ್ಟದಾಗಿದೆ ಹೇಳಮ್ಮ, ಸರಿ ಮಾಡೋಣ." ನಾನಂದೆ, "ಕೆಟ್ಟದ್ದು ಏನೂ ಇಲ್ಲ ಸಾರ್, ಕಷ್ಟ ಇರೋದೇ ಅಲ್ಲಿ." ಅವರು ತಲೆ ಕೆರೆದುಕೊಂಡು ಹೋದರು.

ಕಣ್ಣು ಮಬ್ಬಾಗಿ ಅಪ್ಪನ ಲೈಸೆನ್ಸ್ ಹೋದ ಮೇಲೆ ಸಪ್ಪೆ ಹೊದಿಕೆ ಹೊದ್ದು ಸುಮ್ಮನೆ ನಿಂತಿದೆ. ಮಾರಿಬಿಡಿ. ನೋಡಿದಾಗಲೆಲ್ಲ ಅಪ್ಪನ ಹೊಟ್ಟೆ ಉರಿಯುವುದು ಬೇಡ. ಡಾಕ್ಟರ್ ಏನಂದರು, ಮುಚ್ಚಿಡದೆ ಬರೆ.

ಬಯಲಿನಿಂದ,
ನಿನ್ನ ಮಗಳು


ಫೆಬ್ರವರಿ ೧೨

ಮಗಳೇ,

ಮುಚ್ಚಿಡುವುದು ನನ್ನ ಜಾಯಮಾನವಲ್ಲ. ಕಣ್ಣಿನ ನರ ಒಣಗುತ್ತಿದೆ, ಒಣಗಿದ್ದು ಮತ್ತೆ ಚಿಗುರುವುದಿಲ್ಲ ಅಂದರು. ಈಗ ನಿಮ್ಮಪ್ಪನಿಗೆ ಕಾಣುವುದು ಎದುರಿನ ಒಂದಿಷ್ಟು ಮಾತ್ರ. ಅಕ್ಕಪಕ್ಕ ಎಲ್ಲ ಮಬ್ಬು. ಅದೂ ಎಷ್ಟು ದಿನವೋ, "ವರ್ಷದ ಕೊನೆವರೆಗೆ ಇದ್ರೆ ನಿಮ್ಮ ಪುಣ್ಯ" ಅಂದರು. ನಿಮ್ಮಪ್ಪ ಕುರ್ಚಿಯಿಂದ ಎದ್ದು, ಡಾಕ್ಟರ ಕೈ ಕುಲುಕಿ, ಬಾಗಿಲು ಅಂದುಕೊಂಡು ಬೀರು ತೆರೆದರು. ನಾನು ನಗಲಿಲ್ಲ, ಅವರೇ ನಕ್ಕರು.

ಮನೆಗೆ ಬಂದ ಮೂರನೇ ದಿನ ಕಾಫಿ ಕುಡಿಯುತ್ತಾ ಅಂದರು, "ಒಂದ್ಸಲ ಬೆಟ್ಟದ ರಸ್ತೆ ನೋಡ್ಬೇಕಿತ್ತು ಕಣೇ." ಯಾವ ಬೆಟ್ಟ ಅಂತ ನಿನಗೆ ಹೇಳಬೇಕಾಗಿಲ್ಲ. ಬಸ್ಸು ಓಡಿಸುತ್ತಾ ಜೀವಮಾನವೆಲ್ಲ ಅವರು ಹತ್ತಿ ಇಳಿದ ರಸ್ತೆ ಅದು. ಮೇಲೆ ಒಂಟಿ ಮರದ ತಿರುವಿನಲ್ಲಿ ಇಂಜಿನ್ ತಣ್ಣಗಾಗಲಿ ಅಂತ ಬಸ್ಸು ನಿಲ್ಲಿಸಿದರೆ ಕೆಳಗೆ ಕಣಿವೆಯೆಲ್ಲ ಕಾಣುತ್ತಿತ್ತು. ಬೆಟ್ಟದ ಮೇಲಿನ ಶಾಲೆಗೆ ಡ್ರಿಲ್ ಟೀಚರಾಗಿ ಹೋಗುತ್ತಿದ್ದ ನಾನು ನಿಮ್ಮಪ್ಪನನ್ನು ಮೊದಲ ಸಲ ಬೈದದ್ದೂ ಅಲ್ಲೇ. ಅಷ್ಟು ಜೋರಾಗಿ ಓಡಿಸಿದರೆ ಬೈಯದೆ ಮುದ್ದಾಡುತ್ತಾರೆಯೇ?

ಬಾಡಿಗೆ ಕಾರು ಕರೆಸುತ್ತೇನೆ ಅಂದೆ. "ಯಾವನೋ ಓಡಿಸೋ ಗಾಡೀಲಿ ಆ ರಸ್ತೆ ಹತ್ತಲ್ಲ ನಾನು. ಹೆಣ ಹೊತ್ಕೊಂಡು ಹೋದಂಗಾಗುತ್ತೆ" ಅಂದುಬಿಟ್ಟರು.

ಆದ್ದರಿಂದ ಸಪ್ಪೆಯನ್ನು ಮಾರುವುದಿಲ್ಲ. ನಾನು ಕಾರು ಕಲಿಯುತ್ತೇನೆ. ಕಣ್ಣಿನಲ್ಲಿ ಬೆಳಕು ಇರುವಾಗಲೇ ಅವರನ್ನು ನಾನೇ ಆ ತಿರುವಿಗೆ ಕರೆದುಕೊಂಡು ಹೋಗುತ್ತೇನೆ. ಹೇಳಿದ್ದು ಆಯಿತು, ನಿನ್ನ ಅಪ್ಪಣೆ ಕೇಳುತ್ತಿಲ್ಲ.

ಹೊದಿಕೆ ತೆಗೆದು ಧೂಳು ಕೊಡವಿಕೊಂಡು,
ಅಮ್ಮ


ಫೆಬ್ರವರಿ ೨೫

ಅಮ್ಮಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಅಪ್ಪನ ಕಣ್ಣಿನ ವಿಷಯಕ್ಕೆ ಅಳು ಬಂತು, ನಿನ್ನ ವಿಷಯಕ್ಕೆ ಸಿಟ್ಟು ಬಂತು. ಸೈಕಲ್ಲನ್ನೂ ಓಡಿಸದವಳು ಅರವತ್ತೆರಡನೇ ವಯಸ್ಸಿನಲ್ಲಿ ಕಾರು ಕಲಿತು ಸೀದಾ ಬೆಟ್ಟ ಹತ್ತುತ್ತೇನೆ ಅಂದರೆ ಏನರ್ಥ? ಅಲ್ಲಿನ ತಿರುವುಗಳು ಹುಡುಗಾಟವೇ? ಡಿಸೆಂಬರಿನಲ್ಲಿ ಕೆಲಸ ಮುಗಿಯುತ್ತದೆ. ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಅಪ್ಪ ನನ್ನನ್ನು ಯಾವನೋ ಅನ್ನುವುದಿಲ್ಲ ತಾನೇ?

ಇಲ್ಲಿ ನನ್ನದೂ ಹಟವೇ. ಈ ಕಾರಿನ ಸ್ಟೇರಿಂಗ್ ಬದಲಾಯಿಸಿ ಅಂತ ಪ್ರತಿ ವಾರವೂ ಹೇಳುತ್ತಿದ್ದೇನೆ. ಸಾಹೇಬರದ್ದು ಒಂದೇ ಮಾತು, "ಜನಕ್ಕೆ ರಸ್ತೆ ಬೇಡಮ್ಮ, ಸೋಫಾ ಬೇಕು." ಕೆಟ್ಟ ಮನುಷ್ಯರಲ್ಲ, ಬೆನ್ನುನೋವಿನ ಮನುಷ್ಯರು. ಅವರ ಬೆನ್ನುನೋವಿಗೆ ಊರಿಗೆಲ್ಲ ಮುಲಾಮು ಹಚ್ಚುತ್ತಿದ್ದಾರೆ.

ದಯವಿಟ್ಟು ಡಿಸೆಂಬರಿನವರೆಗೆ ಕಾಯಿ.

ಮಗಳು


ಮಾರ್ಚ್ ೧೦

ಮಗಳೇ,

ಡಿಸೆಂಬರಿನವರೆಗೆ ನಾನು ಕಾಯಬಲ್ಲೆ. ಆ ಕಣ್ಣು ಕಾಯಬೇಕಲ್ಲ.

ಪಾಠ ಶುರುವಾಗಿದೆ. ಲೈಸೆನ್ಸ್ ಇದ್ದವರು ಪಕ್ಕದಲ್ಲಿ ಕೂರಬೇಕೆಂಬುದು ಕಾನೂನು. ಎದುರುಮನೆಯ ದರ್ಜಿಯಮ್ಮನಿಗೆ ಲೈಸೆನ್ಸ್ ಇದೆ, ಅವಳು ಕೂರುತ್ತಾಳೆ. ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಕುಪ್ಪಸಕ್ಕೆ ಗುಂಡಿ ಹಾಕುತ್ತಿರುತ್ತಾಳೆ, ಒಂದು ಮಾತಿಲ್ಲ. ಮಾತೆಲ್ಲ ಹಿಂದಿನ ಸೀಟಿನಿಂದ. ಅಲ್ಲಿ ನಿಮ್ಮಪ್ಪ.

ಮೊದಲ ವಾರ ಕಾರಿಗೆ ಹತ್ತಲೇ ಬಿಡಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಊಟದ ತಟ್ಟೆ ಕೊಟ್ಟು, ಕಾಲಡಿ ಮೂರು ಚಪ್ಪಲಿ ಇಟ್ಟು, "ಇದು ಕ್ಲಚ್ಚು, ಇದು ಬ್ರೇಕು, ಇದು ಆಕ್ಸಲರೇಟರು" ಅಂದರು. ಮೂರನೇ ಚಪ್ಪಲಿ ಯಾರದ್ದು ಅಂತ ಇನ್ನೂ ಗೊತ್ತಾಗಿಲ್ಲ. ತಟ್ಟೆ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು. ಹಾಲಿನವನು ಕಿಟಕಿಯಲ್ಲಿ ನೋಡಿ, ಅಮ್ಮನವರಿಗೆ ಏನಾಯ್ತು ಅಂತ ಕೇಳಿದನಂತೆ.

ಆಮೇಲೆ ನಿಜವಾದ ರಸ್ತೆ. ನಿಮ್ಮಪ್ಪ ಹಿಂದಿನಿಂದ ನನ್ನ ಸೀಟಿನ ಬೆನ್ನಿಗೆ ಎರಡು ಸಲ ಕುಟ್ಟುತ್ತಾರೆ, ಟಕ್ ಟಕ್, ಕಂಡಕ್ಟರು ಬೆಲ್ಲು ಹೊಡೆದ ಹಾಗೆ. ಆಗ ಹೊರಡಬೇಕು. ಒಂದು ಸಲ ಕುಟ್ಟಿದರೆ ನಿಲ್ಲಬೇಕು. ಅವರ ಬಸ್ಸು ಊರೊಳಗೆ ಸುತ್ತುತ್ತಿದ್ದ ದಾರಿಯಲ್ಲೇ ದಿನಾ ಪಾಠ, ಆ ದಾರಿ ಅವರಿಗೆ ಕಣ್ಣುಮುಚ್ಚಿದರೂ ಗೊತ್ತು. ಬೈಗುಳಕ್ಕೆ ಲೆಕ್ಕವಿಲ್ಲ. "ಏ, ಬಲಕ್ಕೆ ಹಿಡಿಯೇ! ಬಲ ಯಾವುದು ಎಡ ಯಾವುದು ಗೊತ್ತಾಗಲ್ವಾ?" ಅಂದರು. ಮೂವತ್ತು ವರ್ಷ ಮಕ್ಕಳಿಗೆ ಎಡ-ಬಲ ಹೇಳಿಕೊಟ್ಟವಳಿಗೆ! ಅಲ್ಲೇ ಬ್ರೇಕು ಹಾಕಿ ಇಳಿದು ಮನೆಗೆ ನಡೆದುಬಂದೆ. ಕಾರನ್ನು ದರ್ಜಿಯಮ್ಮ ತಂದಳು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ನಿಮ್ಮಪ್ಪ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಟಕ್ ಟಕ್.

ನಿನಗೊಂದು ಗುಟ್ಟು ಹೇಳಲೇ? ಅವರು ಇಷ್ಟು ಉಸಿರು ಬಿಟ್ಟು ಕೂಗಾಡಿದ್ದನ್ನು ನೋಡಿ ಒಂದು ವರ್ಷವಾಗಿತ್ತು. ಬೈಸಿಕೊಳ್ಳುವುದಕ್ಕೂ ಖುಷಿಯಾಗುತ್ತದೆ.

ತೋಳು ನೋವಿನ,
ಅಮ್ಮ


ಏಪ್ರಿಲ್ ೨೧

ಮಗಳೇ,

ಫೇಲಾದೆ. ನೀನು ನಗುವ ಮೊದಲು ನಾನೇ ಹೇಳುತ್ತೇನೆ, ಆಮೇಲೆ ನಗು.

ಪರೀಕ್ಷೆಯ ಅಧಿಕಾರಿ ಮಿತಮಾತಿನ ಮನುಷ್ಯ. ಪಕ್ಕದಲ್ಲಿ ಕೂತು, "ಹೊರಡಿ" ಅಂದ. ನಾನು ಇಂಜಿನ್ ಶುರುಮಾಡಿ ಕೂತೆ. ಅವನೂ ಕೂತ. "ಹೊರಡಿ ಅಮ್ಮ" ಅಂದ. ಕಾಲು ಕ್ಲಚ್ಚಿನಿಂದ ಏಳದು. ಬೆನ್ನಿಗೆ ಟಕ್ ಟಕ್ ಬೀಳದೆ ಈ ಕಾಲು ಏಳುವುದೇ ಇಲ್ಲವಲ್ಲ! ಕಡೆಗೆ ನಾನೇ ಬಾಗಿಲಿಗೆ ಎರಡು ಸಲ ಕುಟ್ಟಿಕೊಂಡು ಹೊರಟೆ. ಅವನು ನನ್ನ ಮುಖವನ್ನೇ ನೋಡಿದ.

ಮೊದಲ ತಿರುವಿಗೆ ಬಲಗಡೆಗೆ ಪೂರ್ತಿ ಹೋಗಿ, ಎದುರಿನ ಅಂಗಡಿಯ ಮೆಟ್ಟಿಲು ಮುಟ್ಟುವಷ್ಟು ಅಗಲಕ್ಕೆ ಎಳೆದು ಎಡಕ್ಕೆ ತಿರುಗಿಸಿದೆ. "ಇಷ್ಟು ಜಾಗ ಯಾಕಮ್ಮಾ?" ಅಂದ. "ಬಾಲ ತಾಗಬಾರದಲ್ಲ" ಅಂದೆ. ಈ ಕಾರಿಗೆ ಬಾಲವೇ ಇಲ್ಲ ಅನ್ನುವುದು ಆಮೇಲೆ ಹೊಳೆಯಿತು. ನಿಮ್ಮಪ್ಪ ಕಲಿಸಿದ್ದೆಲ್ಲ ನಲವತ್ತು ಜನ ಕೂತ ಬಸ್ಸಿನ ಬಾಲಕ್ಕೆ. ಗೇರು ಬದಲಿಸುವಾಗ ಹಳೇ ಬಸ್ಸಿನವರ ಹಾಗೆ ಕ್ಲಚ್ಚನ್ನು ಎರಡೆರಡು ಸಲ ತುಳಿದೆ. ಕೊನೆಗೆ ಬಸ್‌ಸ್ಟಾಪ್ ಬಂತು. ನಾಲ್ಕು ಜನ ನಿಂತಿದ್ದರು. ಅಂದವಾಗಿ ಪಕ್ಕಕ್ಕೆ ತಂದು ಅವರ ಮುಂದೆ ನಿಲ್ಲಿಸಿದೆ. ಒಬ್ಬ ಮುದುಕ ಬಾಗಿಲು ತೆಗೆದು ಹತ್ತಿಯೇಬಿಟ್ಟ.

ಅಧಿಕಾರಿ ಪೆನ್ನು ಮುಚ್ಚಿ ಕೇಳಿದ, "ನಿಮಗೆ ಕಾರು ಕಲಿಸಿದ್ದು ಯಾರು?" ಹೆಮ್ಮೆಯಿಂದಲೇ ಹೇಳಿದೆ. ಅವನು ಅಂದ, "ಬಸ್ಸಿನ ಲೈಸೆನ್ಸ್ ಕೇಳಿದ್ರೆ ಇವತ್ತೇ ಕೊಡ್ತಿದ್ದೆ ಅಮ್ಮ."

ನಿಮ್ಮಪ್ಪ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಮೆತ್ತಗೆ, "ನನ್ನಿಂದ ಫೇಲಾದೆ" ಅಂದರು. ನಾನಂದೆ, "ನಿಮ್ಮಿಂದಾನೇ ಪಾಸೂ ಆಗ್ತೀನಿ, ಸುಮ್ನಿರಿ."

ಇನ್ನೊಂದು ವಿಷಯ. ಮನೆಗೆ ಬರುವಾಗ ಗೇಟಿನ ಕಂಬಕ್ಕೆ ಕಾರು ಉದ್ದಕ್ಕೂ ಉಜ್ಜಿದೆ. ನನಗೆ ಗೊತ್ತೇ ಆಗಲಿಲ್ಲ. ಇಳಿದು ನೋಡಿದಾಗಲೇ ಕಂಡದ್ದು. ಇದೆಂಥ ಕಾರು ಮಾರಾಯ್ತಿ, ಚರ್ಮ ಸುಲಿದರೂ ಅಯ್ಯೋ ಅನ್ನುವುದಿಲ್ಲ?

ಮತ್ತೆ ಪರೀಕ್ಷೆಗೆ ಕೂರಲಿರುವ,
ಅಮ್ಮ


ಮೇ ೨

ಅಮ್ಮಾ,

ನಕ್ಕೆ. ಇಲ್ಲಿನ ಊಟದ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಮುದುಕ ಹತ್ತಿದಲ್ಲಿಗೆ ಬರುವಾಗ ಸಾಹೇಬರು ಬೆನ್ನು ಹಿಡಿದುಕೊಂಡು ನಕ್ಕರು. ಆದರೆ ಗೇಟಿನ ಕಂಬದ ಮಾತು ಬಂದಾಗ ನಾನು ಅವರ ಮುಖ ನೋಡಿದೆ. ಅವರು ತಟ್ಟೆ ನೋಡಿದರು.

ನಾನು ಇಷ್ಟು ದಿನ ಅವರಿಗೆ ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತದೆ. ಖುಷಿ ಇಲ್ಲ, ಖುಷಿ ಇಲ್ಲ ಅಂತ ಬಡಬಡಿಸಿದೆ. ಖುಷಿ ಅಂದರೆ ಅವರಿಗೆ ಹುಡುಗರು ಬುರ್ರೆಂದು ಓಡಿಸುವುದು. ನಾನು ಹೇಳುತ್ತಿರುವುದು ಅದಲ್ಲ. ಕಾರು ಮಾತಾಡಬೇಕು ಅಮ್ಮಾ. ಇಲ್ಲಿ ಜಾರುತ್ತೆ, ಇಲ್ಲಿ ಮಣ್ಣಿದೆ, ಇಲ್ಲಿ ಕಂಬ ತಾಗಿತು ಅಂತ ಕೈಗೆ ಹೇಳಬೇಕು. ಹೇಳುವ ಕಾರನ್ನು ಓಡಿಸುವಾಗ ಬರುವ ಖುಷಿ ಇದೆಯಲ್ಲ, ಅದು ಜೊತೆಗೊಬ್ಬರು ಇದ್ದಾರೆ ಅನ್ನುವ ಖುಷಿ. ಇದು ಮೂಗಿಯಾದ್ದರಿಂದಲೇ ಸಪ್ಪೆ.

ನಿನ್ನ ಹಟ ನೋಡಿ ಬೇಡ ಅನ್ನುವುದನ್ನು ಬಿಟ್ಟಿದ್ದೇನೆ. ಆದ್ದರಿಂದ ಈ ಮಾತು ಕೇಳು. ಕ್ಲಚ್ಚು ಒಂದೇ ಸಲ ತುಳಿ. ತಿರುವಿನಲ್ಲಿ ನಿನ್ನ ಗೆರೆಯಲ್ಲೇ ಇರು. ಇದು ಏನೂ ಹೇಳದ ಕಾರು, ಹಾಗಾಗಿ ಕನ್ನಡಿ ಹೆಚ್ಚು ನೋಡು. ಬಸ್‌ಸ್ಟಾಪಿನಲ್ಲಿ ಯಾರು ನಿಂತಿದ್ದರೂ ಕರುಣೆ ತೋರಿಸಬೇಡ.

ಸೋಲದ,
ಮಗಳು


ಜುಲೈ ೧೯

ಮಗಳೇ,

ಎರಡನೇ ಸಲವೂ ಹೋಯಿತು, ಮೂರನೇ ಸಲ ಸಿಕ್ಕಿತು. ಲೈಸೆನ್ಸ್ ಕೈಯಲ್ಲಿದೆ. ಫೋಟೊದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ. ಅದೇ ಅಧಿಕಾರಿ. ಕೊನೆಯಲ್ಲಿ ಅವನೇ ಡ್ಯಾಶ್‌ಬೋರ್ಡಿಗೆ ಒಂದು ಸಲ ಟಕ್ ಅಂತ ಕುಟ್ಟಿ, "ನಿಲ್ಸಿ, ಇಳೀತೀನಿ" ಅಂದ.

ಖುಷಿಯ ಕಾಗದ ಬರೆಯಬೇಕೆಂದು ಕೂತೆ. ಆಗುತ್ತಿಲ್ಲ. ನಿಮ್ಮಪ್ಪನಿಗೆ ಲೈಸೆನ್ಸ್ ತೋರಿಸಿದಾಗ ಅವರು ಅದನ್ನು ಬೆರಳಿನಲ್ಲಿ ಸವರಿದರು. ಕಣ್ಣಿನ ಹತ್ತಿರ ಹಿಡಿಯಲೂ ಇಲ್ಲ. ಮೂರು ವಾರದಿಂದ ಹೀಗೆ. ಡಾಕ್ಟರ ಲೆಕ್ಕಕ್ಕಿಂತ ಬೇಗ ಹೋಯಿತು. ಬೆಳಕು, ನೆರಳು, ಅಷ್ಟೇ. ನಾನು ಎರಡು ಸಲ ಫೇಲಾಗದೆ ಇದ್ದಿದ್ದರೆ ಅಂತ ದಿನಾ ಅಂದುಕೊಳ್ಳುತ್ತೇನೆ.

"ಇನ್ನು ಬೆಟ್ಟ ಯಾಕೆ, ಬಿಡು" ಅನ್ನುತ್ತಾರೆ.

ಅಮ್ಮ


ಜುಲೈ ೨೮

ಅಮ್ಮಾ,

ಸುದ್ದಿ ಓದಿ ರಸ್ತೆಯ ಪಕ್ಕದಲ್ಲಿ ಕಾರು ನಿಲ್ಲಿಸಿ ಅತ್ತೆ. ಸಾಕಾಗುವಷ್ಟು ಅತ್ತು ಇದನ್ನು ಬರೆಯುತ್ತಿದ್ದೇನೆ.

ಹೋಗಿ. ಕಾಣದಿದ್ದರೂ ಹೋಗಿ. ನೀನು ನೋಡಿ ಹೇಳು. ಅಪ್ಪನನ್ನು ಬಿಡು ಅನ್ನಲು ಬಿಡಬೇಡ.

ಮಗಳು


ಆಗಸ್ಟ್ ೯

ಮಗಳೇ,

ಹೋದೆವು. ಅರ್ಧಕ್ಕೆ ವಾಪಸ್ ಬಂದೆವು.

ನನ್ನ ಓಡಿಸುವಿಕೆಯಲ್ಲಿ ತಪ್ಪಿರಲಿಲ್ಲ. ದರ್ಜಿಯಮ್ಮ ಹಿಂದೆ ಕೂತಿದ್ದಳು, ಬೇಕಿದ್ದರೆ ಕೇಳು. ಊರು ದಾಟಿದೆವು. ನಿಮ್ಮಪ್ಪ ನನ್ನ ಪಕ್ಕದಲ್ಲಿ ಬಟ್ಟೆಯ ಗಂಟಿನ ಹಾಗೆ ಕೂತಿದ್ದರು. ಆಮೇಲೆ ಕೇಳಿದರು, "ಎಲ್ಲಿದ್ದೀವೇ?" ಇಟ್ಟಿಗೆ ಗೂಡುಗಳ ಹತ್ತಿರ ಅಂದೆ. ಸ್ವಲ್ಪ ಹೊತ್ತಾಗಿ ಮತ್ತೆ, "ಎಲ್ಲಿದ್ದೀವಿ?" ಬೆಟ್ಟದ ಬುಡದ ಸೇತುವೆ ಗೊತ್ತಲ್ಲ, ಬಸ್ಸು ದಾಟುವಾಗ ಮೈಯೆಲ್ಲ ದಡದಡ ಅನ್ನುತ್ತಿದ್ದದ್ದು. ಅದನ್ನು ಸಪ್ಪೆ ಕಂಬಳಿಯ ಮೇಲೆ ಜಾರಿದ ಹಾಗೆ ದಾಟಿತು. ದಾಟಿ ಮುಂದೆ ಬಂದ ಮೇಲೆ ನಿಮ್ಮಪ್ಪ ಕೇಳಿದರು, "ಸೇತುವೆ ಬಂತಾ?"

"ದಾಟಿ ಆಯ್ತಲ್ರೀ" ಅಂದೆ.

ಅವರ ಮುಖ ನೀನು ನೋಡಬೇಕಿತ್ತು. ಬೇಡ, ನೋಡದಿದ್ದದ್ದೇ ಒಳ್ಳೆಯದು. ಆ ರಸ್ತೆಯ ಕಲ್ಲು ಕಲ್ಲಿಗೂ ಗುರುತಿದ್ದ ಮನುಷ್ಯ ಮಗುವಿನ ಹಾಗೆ ಎಲ್ಲಿದ್ದೀವಿ ಎಲ್ಲಿದ್ದೀವಿ ಅನ್ನುತ್ತಿದ್ದರು. ಕಡೆಗೆ ಅಂದರು, "ತಿರುಗಿಸು. ಮನೇಲಿ ಕೂತ್ರೂ ಇದೇ ಕತ್ತಲೆ, ಇಲ್ಲಿ ಕೂತ್ರೂ ಇದೇ ಕತ್ತಲೆ. ಈ ಗಾಡಿ ನನ್ನ ಎಲ್ಲಿಗೂ ಕರ್ಕೊಂಡು ಹೋಗ್ತಿಲ್ಲ ಕಣೇ."

ತಿರುಗಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಕೋಪ ಯಾರ ಮೇಲೂ ಬಂದಿರಲಿಲ್ಲ, ಈ ಕಾರಿನ ಮೇಲೆ ಬಂತು. ಮನೆಗೆ ಬಂದು ಅದರ ಟೈರಿಗೆ ಒದ್ದೆ. ಬೆರಳು ಊದಿಕೊಂಡಿದೆ. ಅದಕ್ಕೇನೂ ಆಗಿಲ್ಲ.

ನೀನು ಕಾರು ಮಾಡುವವರ ಜೊತೆ ಇದ್ದೀಯಲ್ಲ, ಹೇಳು. ಬಸ್ಸಿನಲ್ಲಿ ಮೈಗೆ ಬರುತ್ತಿದ್ದ ರಸ್ತೆ ಈ ಕಾರಿನಲ್ಲಿ ಎಲ್ಲಿ ಸತ್ತುಹೋಗುತ್ತದೆ?

ಅಮ್ಮ


ಆಗಸ್ಟ್ ೨೦

ಅಮ್ಮಾ,

ಅಪ್ಪನ ಆ ಮಾತನ್ನು ಸಾಹೇಬರಿಗೆ ಹೇಳಿದೆ. ಈ ಸಲ ಅವರು ಸೋಫಾ ಅನ್ನಲಿಲ್ಲ. ಆದರೆ ಮುಂದಿನ ತಿಂಗಳ ಕೊನೆಗೆ ಈ ಕಾರು ಹೀಗೇ ಇರಲಿ ಅಂತ ತೀರ್ಮಾನ ಮಾಡುತ್ತಾರೆ, ಆಮೇಲೆ ಒಂದು ಮೊಳೆಯನ್ನೂ ಬದಲಿಸುವಂತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ರಸ್ತೆ ಒಂದೇ ಕಡೆ ಸಾಯುವುದಿಲ್ಲ. ಮೊದಲು ಟೈರಿನಲ್ಲಿ, ಗಾಳಿ ಮೆತ್ತಗಿದ್ದರೆ ಅಲ್ಲಿಯೇ ಒಂದಿಷ್ಟು ಹೋಗುತ್ತದೆ. ಆಮೇಲೆ ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕಡೆಯ ರಬ್ಬರುಗಳಲ್ಲಿ. ಆಮೇಲೆ ಕಾಲಡಿಯ ದಪ್ಪ ಹಾಸಿನಲ್ಲಿ. ಕಿಟಕಿ ಮುಚ್ಚಿದರೆ ಸದ್ದು ಹೋಯಿತು. ಉಳಿದದ್ದನ್ನು ಸೀಟಿನ ಸ್ಪಂಜು ಕುಡಿದುಬಿಡುತ್ತದೆ. ಅಪ್ಪನ ಬಸ್ಸಿನ ಸೀಟು ಗಟ್ಟಿಯಾಗಿತ್ತಲ್ಲ, ಅವರು ರಸ್ತೆಯನ್ನು ಕಣ್ಣಿನಿಂದ ಎಷ್ಟು ನೋಡುತ್ತಿದ್ದರೋ ಬೆನ್ನಿನಿಂದ ಅಷ್ಟೇ ನೋಡುತ್ತಿದ್ದರು.

ಇದನ್ನೆಲ್ಲ ಕಾರ್ಖಾನೆಯಲ್ಲೇ ಬದಲಿಸಬೇಕು, ಮನೆಯಲ್ಲಿ ಕೂತು ಮಾಡಲು ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಬೆರಳಿಗೆ ಬಿಸಿನೀರು ಹಾಕು.

ಮಗಳು


ಸೆಪ್ಟೆಂಬರ್ ೧೫

ಮಗಳೇ,

ಮನೆಯಲ್ಲಿ ಕೂತು ಮಾಡಲು ಬರುವುದಿಲ್ಲ ಅಂತ ಬರೆದೆಯಲ್ಲ, ಓದಿಕೊಂಡು ಸೀದಾ ದರ್ಜಿಯಮ್ಮನ ಮನೆಗೆ ಹೋದೆ. "ಸೀಟು ಬಿಚ್ಚೋಕೆ ಬರುತ್ತಾ?" ಅಂದೆ. ಅವಳು ಬಾಯಿಯಿಂದ ಪಿನ್ನು ತೆಗೆದು, "ಹೊಲಿದಿದ್ದೆಲ್ಲ ಬಿಚ್ಚೋಕೆ ಬರುತ್ತೆ" ಅಂದಳು. ಅವಳ ಬಾಯಲ್ಲಿ ನಾನು ಕೇಳಿದ ಅತಿ ಉದ್ದದ ಮಾತು.

ಪಕ್ಕದ ಸೀಟಿನ ಹೊಲಿಗೆ ಬಿಚ್ಚಿದೆವು. ಒಳಗೆ ಎಷ್ಟು ಸ್ಪಂಜು ಅಂತೀ, ಒಂದು ಹಾಸಿಗೆಗಾಗುವಷ್ಟು. ಎಲ್ಲ ತೆಗೆದು, ಅಡುಗೆಮನೆಯ ಕಪಾಟಿನ ಕೆಳಗಿನ ಹಲಗೆ ಕಿತ್ತು ಅಲ್ಲಿ ಕೂರಿಸಿದೆ. ಸ್ವಲ್ಪ ಉದ್ದವಾಯಿತು, ನಾನೇ ಗರಗಸ ಹಿಡಿದು ಕೊಯ್ದೆ. ಹಲಗೆಯನ್ನು ಕೆಳಗಿನ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿ, ಮೇಲೆ ಸೀಟಿನ ಬಟ್ಟೆಯನ್ನೇ ಎಳೆದು ಹೊಲಿದಳು. ಅಲ್ಲಾಡಿಸಿದರೂ ಅಲ್ಲಾಡದು, ಬೆಲ್ಟು ಮೊದಲಿನ ಹಾಗೆ ಹಾಕಬಹುದು. ಡಬ್ಬಗಳೆಲ್ಲ ಈಗ ನೆಲದ ಮೇಲಿವೆ, ಇರಲಿ. ಕಾಲಡಿಯ ಹಾಸು ಎತ್ತಿಸಿದೆ. ಪಂಕ್ಚರ್ ಅಂಗಡಿಯವನಿಗೆ, ಕಾರಿನ ಬಾಗಿಲ ಮೇಲೆ ಬರೆದಿರುವ ಮಿತಿಯವರೆಗೆ ಗಾಳಿ ತುಂಬು ಅಂದೆ. ನೀನು ಹೇಳಿದ್ದರಲ್ಲಿ ಚಕ್ರದ ರಬ್ಬರು ಒಂದು ನನ್ನ ಕೈಗೆ ಸಿಗಲಿಲ್ಲ.

ನಿಮ್ಮಪ್ಪ ಬರಲೊಪ್ಪಲಿಲ್ಲ. ನಾನು ಪೀಪಿ ತೆಗೆದೆ. ಶಾಲೆಯ ಪೀಪಿ ಇನ್ನೂ ಇದೆ. ಕಿವಿಯ ಹತ್ತಿರ ಊದಿ, "ಸಾಲಿಗೆ ಬನ್ನಿ!" ಅಂದೆ. "ರಾಕ್ಷಸಿ" ಅಂದುಕೊಂಡು ಎದ್ದರು.

ಕೂತವರೇ, "ಇದೇನೇ ಇದು, ಹಲಗೆ?" ಅಂದರು. ಚಪ್ಪಲಿ ಬಿಚ್ಚಿಸಿದೆ. ಕಿಟಕಿ ಇಳಿಸಿದೆ. ಹೊರಡದೆ ಸುಮ್ಮನೆ ಕೂತೆ. ಅವರೂ ಕೂತರು. ಆಮೇಲೆ ಅವರಿಗೆ ತಿಳಿಯಿತು. ಕೈಚಾಚಿ ಡ್ಯಾಶ್‌ಬೋರ್ಡನ್ನು ಹುಡುಕಿ, ಟಕ್ ಟಕ್.

ಇಟ್ಟಿಗೆ ಗೂಡುಗಳನ್ನು ದಾಟಿದೆವು. ಸೇತುವೆ ಇನ್ನೂ ಮುಂದಿದೆ ಅನ್ನುವಾಗ ನೆಟ್ಟಗೆ ಕೂತರು. "ಮಣ್ಣು ಮುಗೀತು. ಈಗ ಸೇತುವೆ" ಅಂದರು. ಅಂದದ್ದೇ ತಡ, ದಡ ದಡ ದಡ. ಹಿಂದೆ ದರ್ಜಿಯಮ್ಮನಿಗೂ ಕೇಳಿಸಿತು. ನಿಮ್ಮಪ್ಪ ತೊಡೆಗೆ ಹೊಡೆದುಕೊಂಡು ಕೂಗಿದರು, "ಬಂತು ಕಣೇ!"

ಅಲ್ಲಿಂದ ಮೇಲೆ ನಾನು ಬರೀ ಚಾಲಕಿ. "ಎರಡನೇ ಗೇರಿಗೆ ಬಾ. ಇಲ್ಲಿ ನೀರು ಹರಿದು ಕೊರೆದಿದೆ, ಎಡಕ್ಕೆ ಹೋಗ್ಬೇಡ. ಈಗ ಬಿಡು, ಸ್ವಲ್ಪ ದೂರ ಸಮ." ನಾನು ಕಣ್ಣಿನಲ್ಲಿ ನೋಡುವ ಮೊದಲೇ ಅವರು ಹೇಳಿ ಮುಗಿಸಿರುತ್ತಿದ್ದರು. ಹೊಸದಾಗಿ ಡಾಂಬರು ಹಾಕಿದ ಕಡೆ ಮಾತ್ರ ತಡವರಿಸಿದರು. "ಇದ್ಯಾವಾಗ ಬಳಿದರು?" ಅಂತ ಸರ್ಕಾರವನ್ನು ಬೈದರು.

ಮೇಲೆ ನಾನು ಒಂಟಿ ಮರ ಹುಡುಕುತ್ತಾ ಹೋಗುತ್ತಿದ್ದೆ. ಮರ ಕಾಣಲೇ ಇಲ್ಲ. ಇನ್ನೂ ಮುಂದಿರಬೇಕು ಅಂದುಕೊಂಡೆ. ಅವರು ಒಂದು ಸಲ ಕುಟ್ಟಿದರು, ಟಕ್.

"ಇಲ್ಲಿ ಮರ ಇಲ್ಲ ರೀ" ಅಂದೆ.

"ರಸ್ತೆ ಎಡಕ್ಕೆ ವಾಲ್ತು, ಆಮೇಲೆ ಒಂದು ಗುದ್ದು ಬಂತು. ಇದೇ. ನಿಲ್ಸು."

ಇಳಿದು ನೋಡಿದರೆ ಹುಲ್ಲಿನ ನಡುವೆ ಕಡಿದ ಬೊಡ್ಡೆ. ಮರವನ್ನು ಯಾರೋ ಯಾವಾಗಲೋ ಕಡಿದಿದ್ದಾರೆ. ಕಣ್ಣಿದ್ದ ನಾನು ದಾಟಿ ಹೋಗುತ್ತಿದ್ದೆ.

ಅವರನ್ನು ಬೊಡ್ಡೆಯ ಮೇಲೆ ಕೂರಿಸಿದೆ. "ಹೇಳು, ಏನೇನು ಕಾಣುತ್ತೆ" ಅಂದರು. ಕೆಳಗೆ ನದಿ ಸಣ್ಣಗಾಗಿದೆ ಅಂದೆ, ಹೊಸ ಮನೆಗಳು ಬಂದಿವೆ ಅಂದೆ, ಒಂದು ಬಸ್ಸು ಹತ್ತಿ ಬರುತ್ತಿದೆ ಅಂದೆ. "ಗೇರ್ ತಪ್ಪು ಹಾಕಿದಾನೆ, ಕೇಳ್ತಿಲ್ವಾ?" ಅಂದರು. ಆಮೇಲೆ, "ಅವತ್ತು ಇಲ್ಲೇ ಅಲ್ವಾ ನೀನು ನನ್ನ ಬೈದದ್ದು? ಇವತ್ತೂ ಬೈಯೇ ಒಂದ್ಸಲ" ಅಂದರು. ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಅತ್ತುಬಿಟ್ಟೆ. ದರ್ಜಿಯಮ್ಮ ಕಾರಿನಲ್ಲಿ ಕೂತು ಬೇರೆ ಕಡೆ ನೋಡಿದಳು.

ಇಳಿಯುವಾಗ ನಿಮ್ಮಪ್ಪ ನಿನಗೆ ಬರೆಯಲು ಹೇಳಿದ್ದು ಇದು: "ನನ್ನ ರಸ್ತೆ ಇನ್ನೂ ಇದೆ ಅಂತ ಹೇಳು ಅವಳಿಗೆ. ಈ ಮೂಗಿಗೆ ನಿಮ್ಮಮ್ಮ ಮಾತು ಕಲಿಸಿದಳು. ನಿಮ್ಮ ಸಾಹೇಬರ ಗಾಡಿಗೆ ನೀನು ಕಲಿಸು."

ಬೈಯಲು ಮರೆತ,
ಅಮ್ಮ


ಸೆಪ್ಟೆಂಬರ್ ೨೭

ಅಮ್ಮಾ, ಅಪ್ಪಾ,

ಕಾಗದ ಬಂದ ದಿನವೇ ಇಲ್ಲಿನ ಬಡಗಿಯ ಹತ್ತಿರ ಒಂದು ಹಲಗೆ ಕೇಳಿದೆ. ಹೊಸ ಕಾರಿನ ಪಕ್ಕದ ಸೀಟಿನ ಸ್ಪಂಜು ತೆಗೆದು ಅದನ್ನು ಕೂರಿಸಿದೆ. ಹಾಸು ಎತ್ತಿದೆ. ಸಾಹೇಬರನ್ನು ಕರೆದೆ.

"ಇದನ್ನ ಮಾರೋಕಾಗಲ್ಲಮ್ಮ" ಅಂದರು.

"ಮಾರಬೇಡಿ ಸಾರ್, ಕೂತ್ಕೊಳ್ಳಿ. ಕಣ್ಣು ಮುಚ್ಚಿ" ಅಂದೆ.

ಅಯ್ಯೋ ಬೆನ್ನು, ಅಯ್ಯೋ ಬೆನ್ನು ಅನ್ನುತ್ತಲೇ ಕೂತರು. ಡಾಂಬರು, ಕಲ್ಲುಹಾಸು, ಮಣ್ಣು, ಎಲ್ಲದರ ಮೇಲೂ ಓಡಿಸಿದೆ. ಮೊದಮೊದಲು ತಪ್ಪಿದರು, ಆಮೇಲೆ ಒಂದೊಂದನ್ನೂ ಸರಿಯಾಗಿ ಹೇಳಿದರು, ಹೇಳಿ ಹೇಳಿ ಉಮೇದು ಬಂತು. ಆಮೇಲೆ ಸ್ಪಂಜಿನ ಕಾರಿಗೆ ಹತ್ತಿಸಿ ಮತ್ತೆ ಕಣ್ಣು ಮುಚ್ಚಿಸಿದೆ. ಎಡಗಡೆಯ ಎರಡೂ ಚಕ್ರ ರಸ್ತೆಯಿಂದ ಇಳಿದು ಜಲ್ಲಿಯ ಮೇಲೆ ಹೋಗುತ್ತಿದ್ದವು. ಸಾಹೇಬರು ಹಾಯಾಗಿ, "ಡಾಂಬರು" ಅಂದರು. ಕಣ್ಣು ತೆರೆದು ನೋಡಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರದಡಿಯ ಜಲ್ಲಿ ನೋಡಿದರು.

ನಾನು ಗೆದ್ದೆ ಅಂತ ಬರೆಯಲಾರೆ. ತೀರ್ಮಾನವನ್ನು ಒಂದು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಸೀಟು ಸೀಟಾಗಿಯೇ ಇರುತ್ತದೆ, ಅವರ ಬೆನ್ನಿಗೂ ನ್ಯಾಯ ಬೇಕಲ್ಲ. ಆದರೆ ಸ್ಟೇರಿಂಗಿಗೆ, ಚಕ್ರದ ರಬ್ಬರುಗಳಿಗೆ ಏನು ಮಾಡಬಹುದೋ ಮಾಡು ಅಂತ ನನ್ನ ಕೈಗೇ ಕೊಟ್ಟಿದ್ದಾರೆ. ನಿನ್ನ ಕೈಗೆ ಸಿಗದೆ ಉಳಿದದ್ದು ಅದೊಂದೇ ಅಲ್ಲವೇ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ತಿಂಗಳು ನಿದ್ದೆಗೆಟ್ಟರೂ ಸರಿ, ಈ ಕಾರಿನ ಬಾಯಿ ಬಿಡಿಸಿಯೇ ಬಿಡಿಸುತ್ತೇನೆ.

ಡಿಸೆಂಬರಿನಲ್ಲಿ ಬರುತ್ತೇನೆ. ನಾನು ಬಂದು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಫೆಬ್ರವರಿಯಲ್ಲಿ ಬರೆದಿದ್ದೆ. ಅದನ್ನು ಹೊಡೆದುಹಾಕು. ನೀನೇ ಓಡಿಸು. ಬೆಲ್ಲು ಅಪ್ಪ ಹೊಡೆಯಲಿ. ನಾನು ಹಿಂದೆ ಕೂರುತ್ತೇನೆ.

ಕಪಾಟಿನಲ್ಲಿ ಇನ್ನೊಂದು ಹಲಗೆ ಉಳಿದಿದ್ದರೆ ನನ್ನ ಸೀಟಿಗೂ ಹಾಕಿಸಿಡು.

ನಿಮ್ಮ ಮಗಳು